ಮುಧೋಳದ ನಾಯಿ, ಮಾರಿಯೋನ ಆಮೆ: ಆಟದೊಳಗಿನ ಓಟದ ಎದುರಾಳಿ ಹೇಗಿರಬೇಕು?

ಪ್ರಶ್ನೆ: ನಾನು ಮುಧೋಳದವನು, ಎಂಜಿನಿಯರಿಂಗ್ ಎರಡನೆಯ ವರ್ಷದಲ್ಲಿ ಓದುತ್ತಿದ್ದೇನೆ. ಬಿಡುವಿನ ವೇಳೆಯಲ್ಲಿ ಗೋಡೋ ಎಂಬ ಆಟ ಕಟ್ಟುವ ತಂತ್ರಾಂಶ ಬಳಸಿ ಮೊಬೈಲಿಗಾಗಿ ಮೂರು ಆಯಾಮದ ಸಣ್ಣ ಪ್ಲಾಟ್‌ಫಾರ್ಮ್ ಆಟವೊಂದನ್ನು ಮಾಡುತ್ತಿದ್ದೇನೆ. ಬಾದಾಮಿಯ ಉತ್ತರದ ಕೋಟೆಯನ್ನು ಹತ್ತುವ ಹುಡುಗನೇ ನಾಯಕ. ಒಂದು ಹಂತದಲ್ಲಿ ಮುಧೋಳ ನಾಯಿಯೊಂದು ಅವನನ್ನು ಓಟಕ್ಕೆ ಕರೆಯುತ್ತದೆ. ಬೆಟ್ಟದ ಬುಡದ ವಸ್ತುಸಂಗ್ರಹಾಲಯದಿಂದ ಮೇಲಿನ ಶಿವಾಲಯದವರೆಗೆ ಓಟ. ಪಂದ್ಯ ರೋಚಕವಾಗಿರಲಿ ಎಂದು ನಾಯಿ ಸದಾ ಆಟಗಾರನಿಗಿಂತ ತುಸು ಮುಂದಿರುವಂತೆ ಅದರ ವೇಗವನ್ನು ಇಬ್ಬರ ನಡುವಿನ ಅಂತರಕ್ಕೆ ಜೋಡಿಸಿದ್ದೇನೆ. ಆಡಿದ ಗೆಳೆಯರೆಲ್ಲ ನಾಯಿ ಮೋಸ ಮಾಡುತ್ತದೆ ಎನ್ನುತ್ತಾರೆ. ಇನ್ನೂ ವಿಚಿತ್ರವೆಂದರೆ ನನ್ನ ಹಳೆಯ ಮೊಬೈಲಿನಲ್ಲಿ ಸುಲಭವಾಗಿ ಗೆಲ್ಲಬಹುದು, ಅಣ್ಣನ ಹೊಸ ಮೊಬೈಲಿನಲ್ಲಿ ಏನು ಮಾಡಿದರೂ ಗೆಲ್ಲಲಾಗುವುದಿಲ್ಲ. ನಿಂಟೆಂಡೊ ಕಂಪನಿಯ ಸೂಪರ್ ಮಾರಿಯೋ 64 ಆಟದಲ್ಲಿ ನಾಯಕ ಮಾರಿಯೋ ಜೊತೆ ಓಡುವ ಆಮೆಯನ್ನು ನೋಡಿಯೇ ನನಗೆ ಈ ಯೋಚನೆ ಬಂದದ್ದು. ಆ ಆಮೆ ನಿಜವಾಗಿ ಹೇಗೆ ಓಡುತ್ತದೆ? ನನ್ನ ನಾಯಿಯನ್ನು ಹಾಗೆ ಓಡಿಸುವುದು ಹೇಗೆ?

ಉತ್ತರ: ನಿಮ್ಮ ಗೆಳೆಯರು ಸರಿಯಾಗಿಯೇ ಹೇಳುತ್ತಿದ್ದಾರೆ. ನಾಯಿ ಮೋಸ ಮಾಡುತ್ತಿದೆ, ಮಾಡಿಸುತ್ತಿರುವುದು ನಿಮ್ಮ ಕೋಡು. ಆದರೆ ಅಣ್ಣನ ಮೊಬೈಲಿನ ತಕರಾರು ಬೇರೆಯೇ. ಅದನ್ನು ಮೊದಲು ಮುಗಿಸಿಬಿಡೋಣ, ಏಕೆಂದರೆ ಅದು ಬಗೆಹರಿಯುವ ತನಕ ನೀವು ಮಾಡುವ ಬೇರೆ ಯಾವ ತಿದ್ದುಪಡಿಗೂ ಅರ್ಥವಿರುವುದಿಲ್ಲ.

ನೀವು ಕೊಟ್ಟ ಲಕ್ಷಣಗಳನ್ನು ನೋಡಿದರೆ, ಹುಡುಗನ ಚಲನೆಯನ್ನು ಫಿಸಿಕ್ಸ್ ಪ್ರೋಸೆಸ್ ಫಂಕ್ಷನ್ನಿನಲ್ಲಿ, ನಾಯಿಯ ಚಲನೆಯನ್ನು ಸಾದಾ ಪ್ರೋಸೆಸ್ ಫಂಕ್ಷನ್ನಿನಲ್ಲಿ ಬರೆದಿರಬೇಕು. ಗೋಡೋದಲ್ಲಿ ಮೊದಲನೆಯದು, ನೀವು ಬದಲಿಸದಿದ್ದರೆ, ಸೆಕೆಂಡಿಗೆ 60 ಸಲ ನಡೆಯುತ್ತದೆ. ಎರಡನೆಯದು ಪರದೆ ಎಷ್ಟು ಸಲ ಬದಲಾಗುತ್ತದೆಯೋ ಅಷ್ಟು ಸಲ ನಡೆಯುತ್ತದೆ. ನಿಮ್ಮ ಮೊಬೈಲಿನ ಪರದೆ ಸೆಕೆಂಡಿಗೆ 60 ಸಲ ಬದಲಾಗುವ 60 ಹರ್ಟ್ಸ್‌ನದು, ಅಣ್ಣನದು 120 ಹರ್ಟ್ಸ್‌ನದು ಎಂದಿಟ್ಟುಕೊಳ್ಳಿ. ಪ್ರತಿ ಫ್ರೇಮಿಗೆ (ಪರದೆಯ ಮೇಲೆ ಮೂಡುವ ಒಂದೊಂದು ಚಿತ್ರಕ್ಕೆ) ಇಷ್ಟು ಹೆಜ್ಜೆ ಎಂದು ನಾಯಿಗೆ ಹೇಳಿದ್ದರೆ ಅಣ್ಣನ ಕೈಯಲ್ಲಿ ಅದು ನೇರವಾಗಿ ಎರಡು ಪಟ್ಟು ವೇಗದಲ್ಲಿ ಓಡುತ್ತದೆ, ಹುಡುಗ ಮಾತ್ರ ಹಳೆಯ ವೇಗದಲ್ಲೇ ಉಳಿಯುತ್ತಾನೆ. ನಾಯಿಯ ಚಲನೆಯನ್ನೂ ಫಿಸಿಕ್ಸ್ ಪ್ರೋಸೆಸ್‌ಗೆ ತನ್ನಿ. ಸ್ಥಾನವನ್ನು ನೀವೇ ಕೂಡಿಸುತ್ತಿದ್ದರೆ ವೇಗವನ್ನು ಡೆಲ್ಟಾದಿಂದ, ಅಂದರೆ ಹಿಂದಿನ ಫ್ರೇಮಿನಿಂದ ಕಳೆದ ಸಮಯದಿಂದ, ಗುಣಿಸಿ. ಅಷ್ಟರಲ್ಲಿ ಅಣ್ಣನ ಗೋಳು ಮುಗಿಯುತ್ತದೆ.

ಹಳೆಯ ಆಟಗಳ ಕೋಡನ್ನು ನೋಡಿ ಕಲಿಯುವವರು ಈ ಗುಂಡಿಗೆ ಬೀಳುವುದು ಸಹಜ. ಸೂಪರ್ ಮಾರಿಯೋ 64 ಸೆಕೆಂಡಿಗೆ 30 ಫ್ರೇಮ್ ಲೆಕ್ಕದಲ್ಲಿ ಕಟ್ಟಿದ ಆಟ. ಅಲ್ಲಿ ಎಲ್ಲ ವೇಗಗಳೂ ಫ್ರೇಮಿಗೆ ಇಷ್ಟು ಎಂದೇ ಇವೆ. ಯಂತ್ರಕ್ಕೆ ಭಾರವಾಗಿ ಆಟ ಕುಂಟಿದರೂ ಮಾರಿಯೋ, ಆಮೆ, ಉರುಳುವ ಗುಂಡು ಎಲ್ಲವೂ ಒಟ್ಟಿಗೇ ಕುಂಟುತ್ತಿದ್ದವು, ಆದ್ದರಿಂದ ಯಾರಿಗೂ ಅನ್ಯಾಯವಾಗುತ್ತಿರಲಿಲ್ಲ.

ಈಗ ಆಮೆಯ ಕಡೆಗೆ ಬರೋಣ. 1996ರಲ್ಲಿ ನಿಂಟೆಂಡೊ 64 ಯಂತ್ರದ ಜೊತೆಗೇ ಬಂದ ಈ ಆಟದಲ್ಲಿ ಅದರ ಹೆಸರು ಕೂಪಾ ದ ಕ್ವಿಕ್. ಮಾರಿಯೋ ಆಟಗಳಲ್ಲಿ ಕೂಪಾ ಎಂದರೆ ಅಲ್ಲಿಯವರೆಗೆ ತಲೆಯ ಮೇಲೆ ಹಾರಿ ತುಳಿಯಬೇಕಾದ ಸಾಮಾನ್ಯ ವೈರಿ. ಇಲ್ಲಿ ಅದೇ ಜಾತಿಯ ದೊಡ್ಡ ಆಮೆಯೊಂದು ನಿಂತು ಮಾತನಾಡಿಸುತ್ತದೆ, ಪಂದ್ಯಕ್ಕೆ ಕರೆಯುತ್ತದೆ, ಸೋತರೆ ನಕ್ಷತ್ರ ಕೊಡುತ್ತದೆ. ಬಾಬ್-ಆಂಬ್ ಬ್ಯಾಟಲ್‌ಫೀಲ್ಡ್ ಎಂಬ ಮೊದಲ ಹಂತದಲ್ಲಿ ಬುಡದಿಂದ ಬೆಟ್ಟದ ತುದಿಯ ಬಾವುಟದವರೆಗೆ ಒಂದು ಪಂದ್ಯ. ಬಹಳ ಮುಂದೆ, ಟೈನಿ-ಹ್ಯೂಜ್ ಐಲೆಂಡ್‌ನಲ್ಲಿ ಮರುಪಂದ್ಯ.

2019ರಲ್ಲಿ ಉತ್ಸಾಹಿಗಳು ಈ ಆಟದ ಯಂತ್ರಭಾಷೆಯನ್ನು ಬಿಡಿಸಿ ಓದಬಲ್ಲ ಸಿ ಕೋಡಾಗಿ ಬರೆದು ಮುಗಿಸಿದ ಮೇಲೆ ಆಮೆಯ ಓಟದ ಗುಟ್ಟೆಲ್ಲ ಬಯಲಾಯಿತು. ಗುಟ್ಟು ಎನ್ನುವಷ್ಟು ದೊಡ್ಡದೇನೂ ಅಲ್ಲ. ಆಮೆಗೆ ‘ಚುರುಕು’ ಎನ್ನಬಹುದಾದ ಒಂದು ಸಂಖ್ಯೆ ಇದೆ. ಮೊದಲ ಪಂದ್ಯದಲ್ಲಿ ಅದು 4, ಮರುಪಂದ್ಯದಲ್ಲಿ 6. ಅದನ್ನು ಮತ್ತೆ 6ರಿಂದ ಗುಣಿಸಿದರೆ ಸಮತಟ್ಟು ನೆಲದಲ್ಲಿ ಆಮೆಯ ಗುರಿವೇಗ ಸಿಗುತ್ತದೆ: ಫ್ರೇಮಿಗೆ ಮೊದಲ ಸಲ 24, ಎರಡನೆಯ ಸಲ 36. ಮಾರಿಯೋ ಸಮತಟ್ಟಿನಲ್ಲಿ ಓಡಿದರೆ ತಲುಪುವ ವೇಗ 32.

ಈ ಮೂರು ಸಂಖ್ಯೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಮೊದಲ ಪಂದ್ಯದಲ್ಲಿ ಎದುರಾಳಿಯ ವೇಗ ಮಾರಿಯೋನ ವೇಗದ ಮುಕ್ಕಾಲು ಪಾಲು. ದಾರಿ ತಪ್ಪದೆ, ಗುಂಡಿನ ಪೆಟ್ಟು ತಿನ್ನದೆ ಹತ್ತಿದವನು ಗೆಲ್ಲುತ್ತಾನೆ. ಅಂದರೆ ದಾರಿ ಕಲಿತವನಿಗೆ ಗೆಲುವು. ಮರುಪಂದ್ಯದಲ್ಲಿ ಬರಿಯ ಓಟ ಸಾಲದು, ಏಕೆಂದರೆ ಆಮೆ ಸಮತಟ್ಟಿನಲ್ಲಿ ಮಾರಿಯೋಗಿಂತ ವೇಗ. ಅಷ್ಟು ಹೊತ್ತಿಗೆ ಆಟಗಾರ ಉದ್ದ ಜಿಗಿತವನ್ನೂ ತಿರುವು ಕತ್ತರಿಸಿ ಹೋಗುವುದನ್ನೂ ಕಲಿತಿರಬೇಕು ಎಂಬುದು ಆಟದ ನಿರೀಕ್ಷೆ. ನೀನು ಎಲ್ಲಿಯವರೆಗೆ ಬಂದಿದ್ದೀಯ ಎಂದು ಪರೀಕ್ಷೆ ಮಾಡಲು ಬಂದ ಎದುರಾಳಿ ಅದು, ಕಾಡಿಸಲು ಬಂದದ್ದಲ್ಲ. ಒಂದೇ ಒಂದು ಅಂಕಿಯನ್ನು 4ರಿಂದ 6ಕ್ಕೆ ಏರಿಸಿ ಇಷ್ಟು ಕೆಲಸ ತೆಗೆದ ರೀತಿ ನನಗೆ ಇಂದಿಗೂ ಮೆಚ್ಚುಗೆ.

ಆಮೆಯ ವೇಗವನ್ನು ಬದಲಿಸುವುದು ಮಾರಿಯೋ ಅಲ್ಲ, ನೆಲ. ದಾರಿಯ ಇಳಿಜಾರನ್ನು ನೋಡಿ ವೇಗ ಹೆಚ್ಚುಕಡಿಮೆಯಾಗುತ್ತದೆ. ಕೋನದ ಸೈನ್ ಬೆಲೆಯನ್ನು ಇಳುಕಲಿನಲ್ಲಿ ಒಂದಕ್ಕೆ ಕೂಡಿಸಿ, ಏರಿನಲ್ಲಿ ಒಂದರಿಂದ ಕಳೆದು, ಬಂದದ್ದರಿಂದ ಗುಣಿಸುತ್ತಾರೆ. 30 ಡಿಗ್ರಿಯ ಏರಿದ್ದರೆ ವೇಗ ಅರ್ಧಕ್ಕೆ ಇಳಿಯುತ್ತದೆ. ಪಂದ್ಯ ಶುರುವಾದ ಕೂಡಲೇ ಪೂರ್ತಿ ವೇಗವೂ ಬರುವುದಿಲ್ಲ. ಪ್ರತಿ ಫ್ರೇಮಿಗೆ ಚುರುಕಿನ ಹತ್ತನೆಯ ಒಂದು ಪಾಲಿನಷ್ಟು ಮಾತ್ರ ಏರುತ್ತ ಸಮನೆಲದಲ್ಲಿ ಸುಮಾರು 2 ಸೆಕೆಂಡಿನಲ್ಲಿ ಗುರಿವೇಗ ಮುಟ್ಟುತ್ತದೆ. ಬೆಟ್ಟದ ಮೇಲಿಂದ ಗುಂಡುಗಳು ಉರುಳಿಬರುತ್ತವಲ್ಲ, ಅವು ಆಮೆಗೂ ಅಡ್ಡಿಯೇ. ಹತ್ತಿರದ ಗುಂಡು ಮುಂದಿದೆಯೋ ಹಿಂದಿದೆಯೋ, ತನ್ನ ಕಡೆಗೆ ಎಷ್ಟು ವೇಗದಲ್ಲಿ ಬರುತ್ತಿದೆ ಎಂದು ನೋಡಿ ಆಮೆ ಜಿಗಿಯುತ್ತದೆ. ಗೋಡೆಗೆ ತಾಗಿದರೆ ಅದಕ್ಕೆ ಮೇಲ್ಮುಖವಾಗಿ ಸಣ್ಣದೊಂದು ತಳ್ಳು ಸಿಗುತ್ತದೆ, ಹಾಗೆ ಎಗರಿಕೊಂಡು ದಾಟುತ್ತದೆ. ಹಳಿಯ ಮೇಲೆ ಜಾರುವ ಗೊಂಬೆಯಲ್ಲ ಅದು. ದಾರಿಯುದ್ದಕ್ಕೂ ಗುರುತಿನ ಬಿಂದುಗಳಿವೆ, ಮುಂದಿನ ಬಿಂದುವಿನತ್ತ ಮುಖ ತಿರುಗಿಸುತ್ತ ತನ್ನ ಕಾಲ ಮೇಲೆ ತಾನು ಓಡುತ್ತದೆ.

ಇಡೀ ಕೋಡಿನಲ್ಲಿ ನನಗೆ ಅತಿ ಇಷ್ಟವಾದ ಸಾಲು ಇನ್ನೊಂದಿದೆ. ಆಮೆಯ ಚುರುಕು 8ಕ್ಕೆ ಏರುವ ಸಂದರ್ಭವೂ ಇದೆ, ಅಂದರೆ ವೇಗ 48. ಯಾವಾಗ ಗೊತ್ತೇ? ಮಾರಿಯೋ ಆಗಲೇ ಬಾವುಟ ಮುಟ್ಟಿಯಾದ ಮೇಲೆ, ಆಮೆ ಇನ್ನೂ ಅವನಿಂದ ದೂರ ಇದ್ದರೆ. ಫಲಿತಾಂಶ ನಿರ್ಧಾರವಾಗಿಬಿಟ್ಟಿದೆ, ಬೆಟ್ಟದ ತುದಿಯಲ್ಲಿ ಆಟಗಾರ ಸುಮ್ಮನೆ ಕಾಯುತ್ತಿದ್ದಾನೆ, ಬೇಗ ಬಂದು ನಕ್ಷತ್ರ ಕೊಟ್ಟುಬಿಡಲಿ ಎಂದು. ಆಟಗಾರನನ್ನು ನೋಡಿ ವೇಗ ಬದಲಿಸುವ ತಂತ್ರ ಅವರಿಗೆ ಗೊತ್ತಿರಲಿಲ್ಲ ಎಂದಲ್ಲ. ಅದನ್ನು ಬಳಸಿದ್ದು ಸೌಜನ್ಯಕ್ಕೆ, ಗೆಲುವಿಗಲ್ಲ.

ಅವರಿಗೆ ಗೊತ್ತಿತ್ತು ಎಂಬುದಕ್ಕೆ ಸಾಕ್ಷಿ ಅದೇ ಆಟದಲ್ಲಿದೆ. ಕೂಲ್ ಕೂಲ್ ಮೌಂಟನ್ ಹಂತದ ಮಂಜಿನ ಜಾರುದಾರಿಯಲ್ಲಿ ದೊಡ್ಡ ಪೆಂಗ್ವಿನ್ ಒಂದು ಮಾರಿಯೋನನ್ನು ಪಂದ್ಯಕ್ಕೆ ಕರೆಯುತ್ತದೆ. ಎರಡೂ ಪಂದ್ಯಗಳಿಗೆ ಸಂಗೀತವೂ ಒಂದೇ. ಆದರೆ ಪೆಂಗ್ವಿನ್ ಓಡುವ ಲೆಕ್ಕ ಪೂರಾ ಬೇರೆ. ಅದು ತಾನಿರುವ ಎತ್ತರದಲ್ಲಿ ಮಾರಿಯೋ ಇರುವ ಎತ್ತರವನ್ನು ಕಳೆಯುತ್ತದೆ. ಜಾರುದಾರಿ ಕೆಳಕ್ಕೆ ಹೋಗುವುದರಿಂದ ಯಾರು ಮೇಲಿದ್ದಾರೋ ಅವರೇ ಹಿಂದೆ. ಪೆಂಗ್ವಿನ್ ಹಿಂದೆ ಬಿದ್ದಿದ್ದರೆ ವೇಗ ಏರುತ್ತದೆ, 150ರವರೆಗೆ. ಮುಂದಿದ್ದರೆ ಇಳಿಯುತ್ತದೆ, 70ರವರೆಗೆ. ನಿಮ್ಮ ನಾಯಿ ಮಾಡುತ್ತಿರುವುದೂ ಇದನ್ನೇ. ರಬ್ಬರ್ ಬ್ಯಾಂಡಿಂಗ್ ಎಂದು ಕರೆಯುವುದು ಇದಕ್ಕೆ.

ಹಾಗಿದ್ದರೆ ಪೆಂಗ್ವಿನ್ ಮೋಸ ಮಾಡುತ್ತದೆ ಎಂದು ಯಾರೂ ಕೂಗಾಡಲಿಲ್ಲವೇಕೆ? ಎರಡು ಕಾರಣ ನನಗೆ ಕಾಣುತ್ತವೆ. ಜಾರುದಾರಿಯಲ್ಲಿ ಯಾರೂ ತಮ್ಮ ವೇಗದ ಪೂರ್ತಿ ಒಡೆಯರಲ್ಲ, ಎಲ್ಲರೂ ಜಾರುವವರೇ, ಹಾಗಾಗಿ ಎದುರಾಳಿಯ ಏರಿಳಿತ ಕಣ್ಣಿಗೆ ಹೊಡೆಯುವುದಿಲ್ಲ. ಎರಡನೆಯದು ಮುಖ್ಯವಾದದ್ದು. ದಾರಿಯ ಕೊನೆಯ ಭಾಗಕ್ಕೆ ಬಂದಾಗ ಪೆಂಗ್ವಿನ್ ತನ್ನ ಹಟ ಬಿಡುತ್ತದೆ, ಕನಿಷ್ಠ ವೇಗವೂ 60ಕ್ಕೆ ಇಳಿಯುತ್ತದೆ. ಕೊನೆಯ ತನಕ ಬೆನ್ನು ಹತ್ತಿ ಕಾಡಿ, ಕೊನೆಯಲ್ಲಿ ಬಿಟ್ಟುಕೊಡುವ ಏರ್ಪಾಡು. ಚೆನ್ನಾಗಿ ಜಾರಿದವನ ಗೆಲುವನ್ನು ಅದು ಕಸಿಯುವುದಿಲ್ಲ.

ಬ್ಯಾಂಜೋ-ಟೂಯಿ ಆಟದಲ್ಲಿ (2000) ಆದದ್ದು ಇದರ ತಿರುಗುಮುರುಗು. ಕೆನರಿ ಮೇರಿ ಎಂಬ ಹಕ್ಕಿ ಅಲ್ಲಿಯ ಎದುರಾಳಿ. ಗುಂಡಿಯನ್ನು ಬಡಬಡ ಒತ್ತಿದಷ್ಟೂ ನಿಮ್ಮ ವಾಹನ ಓಡುತ್ತದೆ. ಗಣಿಯಲ್ಲಿ ನಡೆಯುವ ಮೊದಲ ಪಂದ್ಯಗಳು ಪರವಾಗಿಲ್ಲ. ಮೋಡಗಳ ಲೋಕದಲ್ಲಿ ಮತ್ತೆ ಎದುರಾದಾಗ, ನೀವು ಎಷ್ಟು ಬೇಗ ಒತ್ತುತ್ತೀರೋ ಅವಳೂ ಅಷ್ಟೇ ಬೇಗ ಸಾಗುತ್ತಾಳೆ. ಮೊದಲಿಂದ ಜೀವ ತೇದು ಒತ್ತಿದವನು ಸೋಲುತ್ತಾನೆ. ಗೆಲ್ಲುವ ದಾರಿ ಯಾವುದು ಗೊತ್ತೇ? ದಾರಿಯ ಬಹುಪಾಲು ಬೇಕೆಂದೇ ನಿಧಾನವಾಗಿ ಅವಳ ಹಿಂದೆ ಸಾಗಿ, ಕೊನೆಯ ಮೆಟ್ಟಿಗೆ ಬಂದಾಗ ಒಮ್ಮೆಲೇ ನುಗ್ಗುವುದು. ಅಂದರೆ ಚೆನ್ನಾಗಿ ಆಡಬೇಡ ಎಂದು ಆಟವೇ ಹೇಳಿಕೊಟ್ಟಂತೆ. ನಮ್ಮ ಕಡೆಯ ಚಕ್ಕಡಿ ಶರ್ಯತ್ತಿನಲ್ಲಿ ಪಕ್ಕದ ಜೋಡಿ ಬೇಕೆಂದೇ ನಿಂತು ನಿಂತು ಓಡಿ, ಗೆರೆ ಹತ್ತಿರ ಬಂದಾಗ ಮಾತ್ರ ಬಾರುಕೋಲು ಬೀಸಿದರೆ ನೆರೆದ ಜನ ಸುಮ್ಮನಿರುತ್ತಾರೆಯೇ? ನಿಮ್ಮ ಗೆಳೆಯರ ಸಿಟ್ಟೂ ಅದೇ ಜಾತಿಯದು. ಬೆಳಗಾವಿಯಲ್ಲಿ ನನ್ನ ಬಳಿ ಆಟ ಕಟ್ಟುವುದನ್ನು ಕಲಿಯಲು ಬರುವ ಹುಡುಗರೂ ಓಟದ ಎದುರಾಳಿ ಎಂದ ಕೂಡಲೇ ಮೊದಲು ಕೈ ಹಾಕುವುದು ಈ ತಂತ್ರಕ್ಕೇ. ಕೋಡು ನಾಲ್ಕೇ ಸಾಲಿನಲ್ಲಿ ಮುಗಿಯುತ್ತದೆ ಎಂಬುದು ಬಿಟ್ಟರೆ ಅದರಲ್ಲಿ ಹೆಚ್ಚಿನ ಗುಣವಿಲ್ಲ.

ಆದ್ದರಿಂದ ನನ್ನ ಸಲಹೆ ನೇರವಾದದ್ದು: ನಿಮ್ಮ ನಾಯಿಗೆ ಅದರದೇ ಓಟ ಕೊಡಿ. ಆಟಗಾರ ಎಲ್ಲಿದ್ದಾನೆ ಎಂಬುದನ್ನು ಅದು ನೋಡಲೇಬಾರದು. ಇದಾಗಿದೆಯೇ ಎಂದು ತಿಳಿಯಲು ಸುಲಭದ ಪರೀಕ್ಷೆಯಿದೆ. ಹುಡುಗನನ್ನು ಆರಂಭದ ಗೆರೆಯಲ್ಲೇ ನಿಲ್ಲಿಸಿ ನಾಯಿಯನ್ನು ಒಂಟಿಯಾಗಿ ಓಡಿಸಿ. ಪ್ರತಿ ಸಲವೂ, ಪ್ರತಿ ಮೊಬೈಲಿನಲ್ಲೂ ಒಂದೇ ಹೊತ್ತಿಗೆ ಮೇಲೆ ಮುಟ್ಟಬೇಕು. ಮುಟ್ಟಿದರೆ ಆ ಸಮಯವೇ ನಿಮ್ಮ ಪಂದ್ಯದ ಗಟ್ಟಿತನ. ಸುಲಭವಾಯಿತು, ಕಷ್ಟವಾಯಿತು ಎಂದು ಯಾರಾದರೂ ಹೇಳಿದರೆ ತಿದ್ದಬೇಕಾದದ್ದು ಒಂದೇ ಅಂಕಿ. ರಬ್ಬರ್ ಬ್ಯಾಂಡಿಂಗ್ ಇರುವ ಎದುರಾಳಿಗೆ ಅಂಥ ಸಮಯವೇ ಇರುವುದಿಲ್ಲ. ಏನನ್ನು ತಿದ್ದಬೇಕು ಎಂದು ನಿಮಗೂ ತಿಳಿಯುವುದಿಲ್ಲ.

ಇನ್ನು ನೀವು ಆರಿಸಿಕೊಂಡ ಪ್ರಾಣಿ ಮತ್ತು ಜಾಗ. ಇವೆರಡೂ ಎಷ್ಟು ಒಳ್ಳೆಯ ಆಯ್ಕೆಗಳೆಂದು ನಿಮಗೇ ಇನ್ನೂ ಪೂರ್ತಿ ಹೊಳೆದಿಲ್ಲವೆಂದು ನನ್ನ ಅನುಮಾನ. ನಿಂಟೆಂಡೊದವರು ಆಮೆಗೆ ‘ಚುರುಕಿನವನು’ ಎಂಬ ಬಿರುದು ಕೊಟ್ಟು ತಮಾಷೆ ಮಾಡಿದರು. ನಿಮಗೆ ಆ ತಮಾಷೆ ಬೇಕಿಲ್ಲ. ಮುಧೋಳ ನಾಯಿ ಓಡಲೆಂದೇ ಆದ ದೇಹ: ಉದ್ದ ಮೂತಿ, ಆಳವಾದ ಎದೆ, ಒಳಕ್ಕೆ ಸೆಳೆದ ಹೊಟ್ಟೆ, ಕಡ್ಡಿಯಂಥ ಕಾಲು. 2005ರಲ್ಲಿ ಅಂಚೆ ಇಲಾಖೆ ಅದರ ಚಿತ್ರದ ಅಂಚೆಚೀಟಿಯನ್ನೂ ತಂದಿತು. ನಿಮ್ಮೂರ ಹತ್ತಿರದ ತಿಮ್ಮಾಪುರದಲ್ಲಿ ಈ ತಳಿಯ ಸಂಶೋಧನಾ ಕೇಂದ್ರವೇ ಇದೆಯಲ್ಲ, ಅನುಮತಿ ಸಿಕ್ಕರೆ ಒಮ್ಮೆ ಹೋಗಿ ನಾಯಿ ಓಡುವುದನ್ನು ಮೊಬೈಲಿನ ನಿಧಾನಗತಿಯ ವಿಡಿಯೊದಲ್ಲಿ ಹಿಡಿದು ತನ್ನಿ. ಈ ಬಗೆಯ ಬೇಟೆನಾಯಿಗಳು ನಾಗಾಲೋಟದಲ್ಲಿ ಒಂದೊಂದು ಸುತ್ತಿಗೆ ಎರಡು ಸಲ ನಾಲ್ಕೂ ಕಾಲು ನೆಲ ಬಿಡುತ್ತವೆ: ಮೈ ಪೂರ್ತಿ ಚಾಚಿದಾಗ ಒಮ್ಮೆ, ಬೆನ್ನು ಬಾಗಿ ಕಾಲುಗಳು ಹೊಟ್ಟೆಯ ಕೆಳಗೆ ಸೇರಿದಾಗ ಇನ್ನೊಮ್ಮೆ. ನಿಮ್ಮ ಚಿತ್ರಚಾಲನೆಯಲ್ಲಿ ಈ ಎರಡು ಭಂಗಿಗಳು ಬಂದರೆ ಸಾಕು, ನಮ್ಮ ಭಾಗದ ಯಾರೇ ನೋಡಿದರೂ ಇದು ಬೀದಿನಾಯಿಯಲ್ಲ ಎಂದು ಗುರುತಿಸುತ್ತಾರೆ.

ಅದರ ಸ್ವಭಾವದಲ್ಲೇ ಪಂದ್ಯದ ನಿಯಮಗಳು ಅಡಗಿವೆ. ಮುಧೋಳ ನಾಯಿ ಕಣ್ಣಿನಿಂದ ಬೇಟೆಯಾಡುವ ತಳಿ, ಮೂಗಿನಿಂದಲ್ಲ. ಗುರಿ ಕಂಡರೆ ಬಿಟ್ಟ ಬಾಣ. ಗುರಿ ಮರೆಯಾದರೆ ತಲೆ ಎತ್ತಿ ಹುಡುಕಬೇಕು. ಇದನ್ನೇ ಬಳಸಿ. ತೆರೆದ ಬಂಡೆಯ ಮೇಲೆ ನಾಯಿಗೆ ಹುಡುಗನಿಗಿಂತ ಹೆಚ್ಚಿನ ವೇಗ ಕೊಡಿ. ಮಾರಿಯೋ ಮರುಪಂದ್ಯದಂತೆ ಎಂಟಕ್ಕೆ ಒಂಬತ್ತರ ಪ್ರಮಾಣ ಇಟ್ಟು ನೋಡಿ. ಆದರೆ ಮುಖ ತಿರುಗಿಸುವ ವೇಗಕ್ಕೆ ಮಿತಿ ಹಾಕಿ. ಯಾವುದೇ ಪ್ರಾಣಿ ವೇಗವಾಗಿ ಓಡುವಾಗ ತಿರುವು ದೊಡ್ಡದಾಗುತ್ತದೆ: ನೆಲದ ಹಿಡಿತ ಅಷ್ಟೇ ಇದ್ದು ವೇಗ ಎರಡು ಪಟ್ಟಾದರೆ ತಿರುವಿನ ತ್ರಿಜ್ಯ ನಾಲ್ಕು ಪಟ್ಟಾಗುತ್ತದೆ. ಹಾಗಾಗಿ ಇಕ್ಕಟ್ಟಿನಲ್ಲಿ ನಾಯಿ ನಿಧಾನಿಸಲೇಬೇಕು.

ಇಕ್ಕಟ್ಟಿಗೆ ಬಾದಾಮಿಗಿಂತ ಒಳ್ಳೆಯ ಜಾಗ ಎಲ್ಲಿದೆ? ವಸ್ತುಸಂಗ್ರಹಾಲಯದ ಪಕ್ಕದಿಂದ ಹತ್ತತೊಡಗಿದರೆ ಎರಡೂ ಬದಿಗೆ ಕೆಂಪು ಮರಳುಗಲ್ಲಿನ ಗೋಡೆ ಎದ್ದು, ದಾರಿ ಬಂಡೆಯ ಸೀಳಿನೊಳಗೆ ಹೊಕ್ಕುಬಿಡುತ್ತದೆ. ಮೆಟ್ಟಿಲು, ಬಾಗಿಲು, ಮತ್ತೆ ತಿರುವು. ಮುಂದೇನಿದೆ ಎಂದು ಕಾಣುವುದಿಲ್ಲ. ಕಣ್ಣನ್ನೇ ನಂಬಿದ ನಾಯಿಗೆ ಇದು ಕಷ್ಟದ ಜಾಗ, ದಾರಿ ಕಲಿತ ಹುಡುಗನಿಗೆ ಲಾಭದ ಜಾಗ. ಸೀಳಿನಿಂದ ಹೊರಬಂದು ಕೆಳಗಿನ ಶಿವಾಲಯ ದಾಟಿ ಬಯಲಾದ ಬಂಡೆಗೆ ಬಂದರೆ ಪರಿಸ್ಥಿತಿ ತಿರುಗುತ್ತದೆ, ಅಗಸ್ತ್ಯ ತೀರ್ಥ ಕೆಳಗೆ ಹಸಿರಾಗಿ ಕಾಣುತ್ತಿರುವಾಗಲೇ ನಾಯಿ ಪಕ್ಕದಿಂದ ಸರ್ರನೆ ಹೋಗುತ್ತದೆ. ಗಳಿಸಿದ ಅಂತರ ಸೀಳಿನಲ್ಲೇ ಸಾಕಷ್ಟು ಇದ್ದರೆ ಗೆಲುವು, ಇಲ್ಲದಿದ್ದರೆ ಇಲ್ಲ. ಮುಂದೆ ಹಿಂದೆ ಆಗುವ ರೋಚಕತೆಗಾಗಿ ನೀವು ರಬ್ಬರ್ ಬ್ಯಾಂಡಿಂಗ್ ತಂದಿರಿ. ನೆಲವೇ ಅದನ್ನು ಮಾಡಿಕೊಡುತ್ತದೆ, ಯಾರಿಗೂ ಮೋಸ ಎನ್ನಿಸುವುದಿಲ್ಲ.

ದಾರಿಯ ಬಿಂದುಗಳನ್ನು ಸೀಳಿನಲ್ಲಿ ಒತ್ತಾಗಿ, ಬಯಲಿನಲ್ಲಿ ವಿರಳವಾಗಿ ಇಡಿ. ಗೆರೆಯ ಗುಂಟ ವಸ್ತುವನ್ನು ಸಾಗಿಸುವ ಗೋಡೋದ ಪಾತ್‌ಫಾಲೋ ನೋಡ್‌ಗೆ ನಾಯಿಯನ್ನು ನೇರವಾಗಿ ಅಂಟಿಸಬೇಡಿ. ಅಂಟಿಸಿದರೆ ಅದು ಗೋಡೆ, ಹುಡುಗ, ಮೆಟ್ಟಿಲು ಯಾವುದನ್ನೂ ಲೆಕ್ಕಿಸದೆ ಗೆರೆಯ ಮೇಲೆ ತೇಲುತ್ತದೆ. ಗೆರೆ ದಾರಿ ತೋರಿಸಲಿ, ಓಡುವುದು ಗೋಡೆ ನೆಲಗಳಿಗೆ ತಾಗಿ ಚಲಿಸುವ ಕ್ಯಾರೆಕ್ಟರ್‌ಬಾಡಿ ಆಗಿರಲಿ. ಒಮ್ಮೊಮ್ಮೆ ಮೂಲೆಯಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ ಎಂದು ಭಯವಿದ್ದರೆ ಆಮೆಗೆ ಕೊಟ್ಟಂತೆ ಗೋಡೆ ತಾಗಿದಾಗ ಮೇಲಕ್ಕೊಂದು ತಳ್ಳು ಕೊಡಿ. ನಾಯಿ ಗೋಡೆಗೆ ಕಾಲು ಕೊಟ್ಟು ಎಗರಿದಂತೆ ಕಾಣುತ್ತದೆ, ಚೆಂದವೇ.

ಬಾದಾಮಿ ಎಂದ ಮೇಲೆ ಕೋತಿಗಳನ್ನು ಬಿಡುವ ಹಾಗಿಲ್ಲ. ಆಮೆಯ ಬೆಟ್ಟದ ಉರುಳುಗುಂಡುಗಳ ಕೆಲಸವನ್ನು ಇಲ್ಲಿ ಕೋತಿಗಳು ಮಾಡಲಿ. ಒಂದೇ ಷರತ್ತು: ಇಬ್ಬರಿಗೂ ಅಡ್ಡಿಯಾಗಬೇಕು. ಹುಡುಗನ ಕೈಯಿಂದ ಏನಾದರೂ ಕಸಿದರೆ ಅವನ ವೇಗ ಕುಗ್ಗಲಿ. ನಾಯಿಯಾದರೋ ಚಲಿಸುವುದನ್ನು ಕಂಡರೆ ಕಣ್ಣು ಹೊರಳಿಸುವ ಪ್ರಾಣಿ. ಗೋಡೆಯ ಮೇಲೆ ಕೋತಿ ಜಿಗಿದಾಗ ಅರೆಕ್ಷಣ ನಿಂತು ಕಿವಿ ನಿಮಿರಿಸಿ ನೋಡಲಿ. ಆ ಕೋತಿ ಪ್ರತಿ ಪಂದ್ಯದಲ್ಲೂ ಅದೇ ಜಾಗದಲ್ಲಿ, ಅದೇ ಹೊತ್ತಿಗೆ ಜಿಗಿಯಬೇಕು. ಆಟಗಾರ ಅದನ್ನು ಗಮನಿಸಿ ಆ ಹೊತ್ತಿಗೆ ಸರಿಯಾಗಿ ದಾಟಿಹೋಗುವಂತಿರಬೇಕು. ಎದುರಾಳಿಯ ದೌರ್ಬಲ್ಯ ಕಣ್ಣೆದುರು ಇದ್ದು ಕಲಿಯಲು ಸಿಗುವಂತಿದ್ದರೆ ಸೋತವನೂ ಮತ್ತೆ ಆಡುತ್ತಾನೆ.

ನೀವು ಕೇಳದೇ ಬಿಟ್ಟ ಪ್ರಶ್ನೆಯೊಂದಿದೆ: ಆಟಗಾರ ಅಡ್ಡದಾರಿ ಹಿಡಿದರೆ? ಹಿಡಿದೇ ಹಿಡಿಯುತ್ತಾನೆ. ಆಮೆಯ ಪಂದ್ಯದಲ್ಲಿ ಮಾರಿಯೋ ಫಿರಂಗಿಯೊಳಗೆ ಕೂತು ಹಾರಿ ತುದಿ ಸೇರಬಹುದು. ಸೇರಿದರೆ ಆಮೆ ಮೋಸ ಎಂದು ಮುಖದ ಮೇಲೆ ಹೇಳುತ್ತದೆ, ನಕ್ಷತ್ರ ಕೊಡುವುದಿಲ್ಲ. ಕೋಡಿನಲ್ಲಿ ಇದಕ್ಕೆ ಇರುವುದು ಫಿರಂಗಿಯಿಂದ ಹಾರಿದ್ದಾನೆಯೇ ಎಂಬ ಒಂದು ಗುರುತು ಮಾತ್ರ. ಅದೇ ಬೆಟ್ಟದ ದಾರಿಯಲ್ಲಿ ಒಂದು ಪೊಟರೆಯಿಂದ ಮೇಲಿನ ಇನ್ನೊಂದಕ್ಕೆ ಮಾಯವಾಗಿ ಹೋಗುವ ಜಾಗವಿದೆ, ಅದನ್ನು ಬಳಸಿದರೆ ಆಮೆಯ ತಕರಾರಿಲ್ಲ. ಹುಡುಕಿ ಕಂಡುಕೊಂಡವನಿಗೆ ಬಹುಮಾನ ಎಂದು ನಾನು ಅರ್ಥಮಾಡಿಕೊಂಡಿದ್ದೇನೆ. ಪೆಂಗ್ವಿನ್ ಇನ್ನೂ ಕಟ್ಟುನಿಟ್ಟು. ಜಾರುದಾರಿಯ ಒಳದಾರಿ ಹಿಡಿದರೂ ಮೋಸ, ದಾರಿ ಬಿಟ್ಟು ಗಾಳಿಯಲ್ಲಿ 60 ಫ್ರೇಮಿಗಿಂತ, ಅಂದರೆ 2 ಸೆಕೆಂಡಿಗಿಂತ ಹೆಚ್ಚು ಹೊತ್ತು ಇದ್ದರೂ ಮೋಸ. 2017ರ ಸೂಪರ್ ಮಾರಿಯೋ ಒಡಿಸ್ಸಿಗೆ ಬರುವ ಹೊತ್ತಿಗೆ ನಿಂಟೆಂಡೊ ಮನಸ್ಸು ಬದಲಿಸಿತ್ತು. ಅಲ್ಲಿಯ ಕೂಪಾ ಓಟಗಳಲ್ಲಿ ಯಾವ ದಾರಿಯಲ್ಲಾದರೂ ಹೋಗಿ, ಮೊದಲು ಮುಟ್ಟಿದವನೇ ಗೆದ್ದ.

ನಿಮ್ಮ ಆಟಕ್ಕೆ ನಡುವಿನ ದಾರಿ ಸಾಕು. ಸೀಳಿನ ಮೇಲ್ಭಾಗದಲ್ಲಿ ಬಂಡೆಯಿಂದ ಬಂಡೆಗೆ ಹಾರಿ ತಿರುವು ತಪ್ಪಿಸಿದರೆ ಅದು ಕೈಚಳಕ, ಇರಲಿ. ಕೋಟೆಯ ಹೊರಗಿನಿಂದ ಗೋಡೆಯ ಅಂಚಿಗೆ ಅಂಟಿಕೊಂಡು ಮೇಲೇರುವ ದೋಷವೇನಾದರೂ ಆಟದಲ್ಲಿದ್ದರೆ ಅದನ್ನು ತಡೆಯಿರಿ, ಇಲ್ಲವೇ ದಾರಿಯ ನಡುವೆ ಎರಡು ಕಡೆ ಹಾದುಹೋಗಲೇಬೇಕಾದ ಬಾಗಿಲು ಇಡಿ. ಬ್ಯಾಂಜೋ-ಕಜೂಯಿಯಲ್ಲಿ (1998) ಬಾಗಿ ಎಂಬ ಹಿಮಕರಡಿಯ ಜೊತೆ ಓಡುವಾಗ ದಾರಿಯ ಬಾವುಟಗಳ ನಡುವೆಯೇ ಹೋಗಬೇಕು, ಅಲ್ಲಿ ವಾದಕ್ಕೆ ಎಡೆಯೇ ಇಲ್ಲ. ಆ ಕರಡಿಯಿಂದ ಕಲಿಯಬೇಕಾದದ್ದು ಇನ್ನೊಂದಿದೆ. ಅದೂ ಎರಡು ಸಲ ಓಡುತ್ತದೆ. ಮೊದಲ ಸಲ ನೀವು ವಾಲ್ರಸ್ ಎಂಬ ಕಡಲಪ್ರಾಣಿಯ ರೂಪದಲ್ಲಿ ಜಾರುಬಂಡಿಯ ಮೇಲೆ, ಎರಡನೆಯ ಸಲ ವೇಗದ ಬೂಟು ತೊಟ್ಟು ಕಾಲ ಮೇಲೆ. ಎದುರಾಳಿ ಅದೇ, ಆಟಗಾರನ ದೇಹ ಬೇರೆ. ನಿಮ್ಮ ಬಳಿ ಸಮಯವಿದ್ದು ಮರುಪಂದ್ಯ ಇಡುವುದಾದರೆ ನಾಯಿಯನ್ನು ಮುಟ್ಟದೆ ಹುಡುಗನಿಗೆ ಹೊಸ ಜಿಗಿತವೊಂದನ್ನು ಕೊಟ್ಟು ದಾರಿಯನ್ನು ತಿರುಗಿಸಿ. ಹೊಸ ಹಂತದ ಕಲ್ಲು ಕೆತ್ತುವ ಶ್ರಮವೂ ಉಳಿಯುತ್ತದೆ.

ಸೋಲಿನ ಬಗ್ಗೆ ಒಂದು ಮಾತು. ಮೊಬೈಲಿನಲ್ಲಿ ಆಡುವವನು ಬಸ್ಸಿನಲ್ಲೋ ಊಟದ ಬಿಡುವಿನಲ್ಲೋ ಕೂತಿರುತ್ತಾನೆ. ಸೋತ ಕೂಡಲೇ ಒಂದು ಒತ್ತಿನಲ್ಲಿ ಮತ್ತೆ ಆರಂಭದ ಗೆರೆಗೆ ಬರಬೇಕು. ನಾಯಿಯ ಮಾತುಗಳನ್ನು ಮತ್ತೆ ಓದಿಸಬೇಡಿ. ಗೆದ್ದವನನ್ನು ಮೇಲೆ ಕಾಯಿಸಬೇಡಿ. ಆಮೆಯ ಚುರುಕು 8ಕ್ಕೆ ಏರುವ ಆ ಸಾಲನ್ನು ಹಾಗೆಯೇ ತನ್ನಿ. ಪಂದ್ಯ ಮುಗಿದ ಮೇಲೆ ಮಾತ್ರ ನಾಯಿ ಆಟಗಾರನನ್ನು ನೋಡಬಹುದು, ಅಲ್ಲಿಯವರೆಗೆ ಕೂಡದು.

ಕೊನೆಗೆ ವೇಗ ಹೊಂದಿಸುವ ಕೆಲಸ. ನೀವೇ ಆಡಿ ಹೊಂದಿಸಬೇಡಿ. ಮಾಡಿದವನ ಕೈಗೆ ದಾರಿ ಬಾಯಿಪಾಠವಾಗಿರುತ್ತದೆ, ಅವನಿಗೆ ಸರಿ ಎನಿಸಿದ ನಾಯಿ ಹೊಸಬರಿಗೆ ಯಮ. ಆಟವನ್ನು ಎಂದೂ ನೋಡಿರದ ಕೆಲವರಿಗೆ ಮೊಬೈಲ್ ಕೊಟ್ಟು, ಬಾಯಿಮುಚ್ಚಿ ಪಕ್ಕದಲ್ಲಿ ಕೂತು, ಮೊದಲ ಓಟಕ್ಕೆ ಎಷ್ಟು ಹೊತ್ತು ಹಿಡಿಯಿತು, ಮೂರನೆಯ ಓಟಕ್ಕೆ ಎಷ್ಟು ಎಂದು ಬರೆದುಕೊಳ್ಳಿ. ನಾಯಿಯ ಒಂಟಿ ಓಟದ ಸಮಯ ಈ ಎರಡರ ನಡುವೆ, ಮೂರನೆಯದಕ್ಕೆ ತುಸು ಹತ್ತಿರ ಬರುವಂತೆ ಆ ಒಂದು ಅಂಕಿಯನ್ನು ತಿದ್ದಿ. ಬಹುಪಾಲು ಜನ ಮೊದಲ ಸಲ ಸೋಲುತ್ತಾರೆ, ಮೂರನೆಯ ಸಲದ ಹೊತ್ತಿಗೆ ಗೆಲ್ಲುತ್ತಾರೆ. ಅಣ್ಣನ ಮೊಬೈಲಿನಲ್ಲೂ ಒಮ್ಮೆ ಅಳೆಯಿರಿ; ಎರಡರಲ್ಲೂ ನಾಯಿ ಒಂದೇ ಹೊತ್ತಿಗೆ ಮೇಲಿನ ಶಿವಾಲಯ ಮುಟ್ಟದಿದ್ದರೆ ಡೆಲ್ಟಾ ಎಲ್ಲೋ ಬಿಟ್ಟುಹೋಗಿದೆ ಎಂದೇ ಲೆಕ್ಕ, ಮೊದಲು ಜಿಗಿತದ ಕೋಡಿನಲ್ಲಿ ಹುಡುಕಿ.